ಇಬ್ಬರ ಬಾಯಿಂದ ಕೇಳುತ್ತಿದ್ದವನು

ಮೊನ್ನೆ ಬೆಳಿಗ್ಗೆ ಎಣ್ಣೆ ಕೊಡಲು ಬಂದ ಗಾಣಿಗ ನಮ್ಮ ಕಟ್ಟೆಯ ಮೇಲೆ ಕುಳಿತು ಊರೂರಿನ ಸುದ್ದಿಯನ್ನೆಲ್ಲ ಹೇಳಿ ಮುಗಿಸಿದ. ಏಳುವ ಹೊತ್ತಿಗೆ ನೆನಪಾದವನಂತೆ ಹೇಳಿದ:

"ಅಬ್ಬಿಗೇರಿ ಗಾಯದಜ್ಜ ಹೋದನಂತ್ರಿ, ಪಂಡಿತರ. ನಿಮ್ಮ ತಮ್ಮನ್ನ ತಿಂದಾಂವ ಕಡೀಕ ತಾನೂ ಹೋದ ನೋಡ್ರಿ."

ನನಗೆ ಸಮಾಧಾನವಾಗಲಿ ಎಂದೇ ಹಾಗೆ ಹೇಳಿದ್ದ, ಪಾಪ. ನಾನು "ಹೂಂ" ಎಂದೆ. ರೋಣದಲ್ಲಿ ಯಾರು ಏನು ಹೇಳಿದರೂ ಎದುರು ಮಾತು ಸಿದ್ಧವಿಟ್ಟುಕೊಂಡಿರುವವನು ನಾನು. ಅಂದು ಬಾಯಿಂದ ಬಂದದ್ದು ಅದೊಂದೇ. ಗಾಣಿಗ ಹೋದ ಮೇಲೆ ಅರೆಯಬೇಕಾಗಿದ್ದ ಬೇರುಗಳನ್ನು ಮುಂದಿಟ್ಟುಕೊಂಡು ಮಧ್ಯಾಹ್ನದವರೆಗೆ ಸುಮ್ಮನೆ ಕುಳಿತಿದ್ದೆ.

ನಾನು ವೈದ್ಯ. ನಮ್ಮ ಮನೆತನದಲ್ಲಿ ನಾಡಿ ಹಿಡಿಯುತ್ತೇವೆ, ಕಷಾಯ ಕುದಿಸುತ್ತೇವೆ, ಪಥ್ಯ ಹೇಳುತ್ತೇವೆ. ರಕ್ತ ಸುರಿಯುವ ಗಾಯವನ್ನು ಮಾತ್ರ ಮುಟ್ಟುವುದಿಲ್ಲ. ಎತ್ತು ತಿವಿದವರು, ಗೋಡೆ ಕೆಳಗೆ ಸಿಕ್ಕವರು, ಬಂಡಿಯ ಗಾಲಿ ಹಾಯಿಸಿಕೊಂಡವರು ನಮ್ಮ ಬಾಗಿಲಿಗೆ ಬಂದರೆ ನಮ್ಮ ಅಪ್ಪನ ಕಾಲದಿಂದಲೂ "ಅಬ್ಬಿಗೇರಿಗೆ ಒಯ್ಯಿರಿ" ಎಂದು ಹೇಳಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆವು. ಹಾಗೆ ಕಳಿಸಿದ ಮೇಲೆ, ಅವರು ಬದುಕಿ ನಡೆದುಕೊಂಡು ತಿರುಗಿ ಬಂದರೆ ನನಗೆ ಹೊಟ್ಟೆಯಲ್ಲಿ ಒಂದಿಷ್ಟು ಉರಿಯುತ್ತಿದ್ದುದೂ ನಿಜ. ಅದರ ಮೇಲೆ ನನ್ನ ಸ್ವಭಾವ ಬೇರೆ ಅನುಮಾನದ್ದು. ಹಾಲು ಹಾಕುವವಳು ಅಳತೆಯ ಪಾತ್ರೆ ತಂದರೆ ಅದರ ತಳವನ್ನು ತಿರುವಿ ನೋಡುವವನು ನಾನು.

ಆ ಅಜ್ಜ ಅನುಮಾನಕ್ಕೆ ಹೇಳಿ ಮಾಡಿಸಿದಂತಿದ್ದ. ಉದ್ದನೆಯ ಆಳು, ಬೆನ್ನು ಸ್ವಲ್ಪ ಬಾಗಿತ್ತು. ಉಗುರುಗಳನ್ನು ಮಾಂಸ ಕಾಣುವಷ್ಟು ಕತ್ತರಿಸಿಕೊಳ್ಳುತ್ತಿದ್ದ. ಯಾರ ಮನೆಗೆ ಹೋದರೂ ಮೊದಲು ಬಿಸಿನೀರು, ಬೂದಿ ಕೇಳಿ ಮೊಣಕೈವರೆಗೆ ತಿಕ್ಕಿ ತೊಳೆದುಕೊಳ್ಳುತ್ತಿದ್ದ. ದಿನವೂ ರಕ್ತ ಮುಟ್ಟುವವನಿಗೆ ಇದೆಂಥ ಮಡಿ ಎಂದು ನಾವು ನಗುತ್ತಿದ್ದೆವು. ಅವನ ಊರು ಗಜೇಂದ್ರಗಡವೆಂದು ಕೆಲವರು, ಅಲ್ಲ, ಅಲ್ಲಿ ಗುಡ್ಡದ ಕಲ್ಲು ಒಡೆಯುವವರ ಕೈಕಾಲು ಕಟ್ಟುತ್ತ ನಾಲ್ಕು ವರ್ಷ ಇದ್ದನಷ್ಟೇ ಎಂದು ಕೆಲವರು. ಹರೆಯದಲ್ಲಿ ಕಂಪನಿಯ ಪಲಟಣಿನಲ್ಲಿ ಸಿಪಾಯಿಗಳ ಗಾಯ ಕಟ್ಟುವ ಕೆಲಸ ಮಾಡಿದ್ದನೆಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ನರಗುಂದದವರು ಸರಕಾರದ ಮೇಲೆ ತಿರುಗಿಬಿದ್ದು ಕೋಟೆ ಕಳೆದುಕೊಂಡ ವರ್ಷ ಅವನು ಎಂಟು ದಿನ ನರಗುಂದದಲ್ಲಿದ್ದ. ಯಾರ ಗಾಯ ಕಟ್ಟಲು ಹೋಗಿದ್ದ? ಸರಕಾರದವರದೆಂದು ಒಬ್ಬರು, ತಿರುಗಿಬಿದ್ದವರದೆಂದು ಇನ್ನೊಬ್ಬರು. ಒಮ್ಮೆ ನಾನೇ ಎದುರಿಗೆ ಕೇಳಿದ್ದೆ.

"ಹರಿದ ತೊಗಲಿನ ಮ್ಯಾಲ ಯಾರ ಕಡಿ ಅಂತ ಬರದಿರೂದಿಲ್ರಿ" ಎಂದು ಧೋತರ ಝಾಡಿಸಿಕೊಂಡು ಎದ್ದು ಹೋದ. ಎರಡೂ ಕಡೆಯವರನ್ನು ಮುಟ್ಟಿದವನು ಎರಡೂ ಕಡೆಗೆ ಸುದ್ದಿ ಮುಟ್ಟಿಸದೆ ಇರುತ್ತಾನೆಯೇ ಎಂದು ನಾನು ಲೆಕ್ಕ ಹಾಕಿದೆ.

ಅವನ ಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದು ಮೆಣಸಗಿಯಲ್ಲಿ. ಮಳೆಗೆ ನೆನೆದ ಗೋಡೆ ಬಿದ್ದು ಮೂವರು ಸಿಕ್ಕಿಕೊಂಡಿದ್ದರು. ಮನೆಯ ಯಜಮಾನ ನನ್ನನ್ನೂ ಕರೆಸಿದ್ದ, ಅವನನ್ನೂ ಕರೆಸಿದ್ದ. ಯಜಮಾನನ ಮಗನ ಮೊಣಕೈ ಮುರಿದು ಎಲುಬು ಹೊರಗೆ ಕಾಣುತ್ತಿತ್ತು, ಓಣಿ ಎದ್ದು ಕೂರುವ ಹಾಗೆ ಕಿರುಚುತ್ತಿದ್ದ. ಇನ್ನೊಬ್ಬನ ತಲೆ ಒಡೆದಿತ್ತು. ಮೂರನೆಯವನು ಆಳುಮಗ, ಒಂದು ಹನಿ ರಕ್ತವಿಲ್ಲದೆ ಮೂಲೆಯಲ್ಲಿ ಮಲಗಿದ್ದ. ಅಜ್ಜ ಬಂದವನೇ ಯಜಮಾನನ ಮಗನನ್ನು ದಾಟಿ ಆ ಮೂಲೆಗೆ ಹೋದ.

"ಏ ಮುದುಕಾ, ಕಣ್ಣ ಕಾಣ್ತಾವಿಲ್ಲೋ ನಿನಗ? ಹುಡುಗ ಇಲ್ಲಿ ಸಾಯಾಕತ್ಯಾನ" ಎಂದು ಯಜಮಾನ ಗದರಿದ.

"ಒದರಾಂವ ಸಾಯೂದಿಲ್ರಿ, ಯಜಮಾನರ. ಅವಗ ಉಸರ ಐತಿ. ಸುಮ್ಮನಿರಾಂವನ್ನ ಮೊದಲ ನೋಡಬೇಕು."

ಆಳಿನ ಬಾಯಿಗೆ ಬೆರಳು ಹಾಕಿ ಮಣ್ಣು ತೆಗೆದ, ಗದ್ದ ಎತ್ತಿ ಹಿಡಿದ, ಒಂದು ಪಕ್ಕಕ್ಕೆ ಹೊರಳಿಸಿದ. ಆ ನೀಲಿ ತಿರುಗಿದ ಮುಖಕ್ಕೆ ಬಣ್ಣ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ತಲೆ ಒಡೆದವನ ರಕ್ತ ನಿಲ್ಲಿಸಿದ. ಎಲ್ಲಕ್ಕೂ ಕೊನೆಗೆ ಯಜಮಾನನ ಮಗನ ಎಲುಬು. "ಮೊದಲ ಉಸರ, ಆಮ್ಯಾಲ ರಕ್ತ, ಆಮ್ಯಾಲ ಎಲಬ" ಎಂದು ಪ್ರತಿ ಸಲವೂ ಗೊಣಗಿಕೊಳ್ಳುತ್ತಿದ್ದ. ಮೂವರೂ ಉಳಿದರು. ಆದರೂ ಯಜಮಾನನಂಥ ಯಜಮಾನನನ್ನು ಕಾಯಿಸಿದನಲ್ಲ, ಇವನ ಬೆನ್ನಿಗೆ ಯಾರೋ ದೊಡ್ಡವರಿರಬೇಕು ಎಂದೇ ನಾನು ಊರಿಗೆ ಬಂದು ಹೇಳಿದೆ.

ಅವನಿಗೊಂದು ಪದ್ಧತಿ ಇತ್ತು. ಜನ ಅವನಿಗೆ ಹೆದರುತ್ತಿದ್ದುದು ಅದಕ್ಕೇ. ರಕ್ತ ನಿಲ್ಲಿಸಿದ ಕೂಡಲೇ, ಗಾಯಾಳುವನ್ನು ಕರೆತಂದವರಲ್ಲಿ ಇಬ್ಬರನ್ನು ಬೇರೆಬೇರೆಯಾಗಿ ತನ್ನ ಅಂಗಳದ ಬೇವಿನ ಮರದ ಕೆಳಗೆ ಕರೆದು, ಏನಾಯಿತೆಂದು ಮೊದಲಿನಿಂದ ಕೇಳುತ್ತಿದ್ದ. ಒಬ್ಬ ಹೇಳುವಾಗ ಇನ್ನೊಬ್ಬ ಕೇಳಿಸಿಕೊಳ್ಳುವಂತಿಲ್ಲ. "ಯಾರ ಮಾಡಿದ್ರು ಅಂತ ನಾ ಕೇಳೂದಿಲ್ಲ. ಏನ ಬಡೀತು, ಎಷ್ಟ ಮ್ಯಾಲಿಂದ ಬಡೀತು, ಬಿದ್ದಮ್ಯಾಲ ಎದ್ದನೋ ಇಲ್ಲೋ, ಅಷ್ಟ ಹೇಳ್ರಿ" ಎನ್ನುತ್ತಿದ್ದ. ಶಿರೋಳದ ಒಬ್ಬನನ್ನು ಬಣವೆಯ ಮೇಲಿಂದ ಬಿದ್ದನೆಂದು ತಂದಿದ್ದರು. ಇಬ್ಬರನ್ನೂ ಕೇಳಿದ ಮೇಲೆ ಅಜ್ಜ ತಲೆಯ ಗಾಯ ಬಿಟ್ಟು ಹೊಟ್ಟೆಯನ್ನು ಮುಟ್ಟಿ ಮುಟ್ಟಿ ನೋಡಿದನಂತೆ, ಏಕೆಂದರೆ ಅದು ಅಣ್ಣತಮ್ಮಂದಿರ ಬಡಿದಾಟ, ಒದೆ ಹೊಟ್ಟೆಗೆ ಬಿದ್ದಿತ್ತು. ಆ ಮಾತು ಅವನ ಬಾಯಿಂದ ಹೊರಗೆ ಬರಲಿಲ್ಲ, ಅಣ್ಣತಮ್ಮಂದಿರೇ ಆಮೇಲೆ ಬಾಯಿಬಿಟ್ಟರು. ಆದರೆ ಹೀಗೆ ಒಬ್ಬೊಬ್ಬರನ್ನೇ ಕರೆದು ಕೇಳುವುದು ಸರಕಾರಿ ಕಚೇರಿಯವರ ರೀತಿ. ನಮ್ಮ ಕಡೆಯ ಮಂದಿಗೆ ಹೆದರಲು ಅಷ್ಟೇ ಸಾಕು.

ಇನ್ನು ನನ್ನ ತಮ್ಮನ ವಿಷಯ.

ನರಗುಂದದ ಗಲಾಟೆಯ ಹೊತ್ತಿಗೆ ಸರಕಾರದವರು ಊರೂರಿಗೆ ಡಂಗುರ ಹೊಡೆಸಿದ್ದರು: ಮನೆಯಲ್ಲಿರುವ ಕತ್ತಿ, ಬಂದೂಕು, ಸಿಡಿಮದ್ದು ಎಲ್ಲವನ್ನೂ ತಂದು ಒಪ್ಪಿಸಬೇಕು, ಮುಚ್ಚಿಟ್ಟವರಿಗೆ ಶಿಕ್ಷೆ. ನಮ್ಮ ಹೊಲದ ಬಾವಿಯಲ್ಲಿ ಕರಿಮಣ್ಣು ಮುಗಿದು ಬಂಡೆ ಸಿಕ್ಕಿತ್ತು. ಅದನ್ನು ಒಡೆಯಲೆಂದು ತಮ್ಮ ತಂದಿಟ್ಟಿದ್ದ ಒಂದು ಗಡಿಗೆ ಸಿಡಿಮದ್ದನ್ನು ಒಪ್ಪಿಸಲಿಲ್ಲ, ಹೊಟ್ಟಿನ ರಾಶಿಯ ಕೆಳಗೆ ಹುಗಿದ. ನನಗೂ ಗೊತ್ತಿತ್ತು. ಕಂಪನಿ ಹೋಗಿ ರಾಣಿಯ ಸರಕಾರ ಬಂತು, ಗಲಾಟೆ ತಣ್ಣಗಾಯಿತು. ಬೇಸಿಗೆಯ ಮೊದಲಿಗೆ ಅವನು ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಬಂಡೆಗೆ ತೂತು ಕೊರೆದು ಮದ್ದು ತುಂಬಿ ಬತ್ತಿ ಹಚ್ಚಿದ. ಮದ್ದು ಸಿಡಿಯಲಿಲ್ಲ. ಬತ್ತಿ ಆರಿತೆಂದು ನೋಡಲು ಕೆಳಗಿಳಿದ. ಆಗ ಸಿಡಿಯಿತು.

ಬಲ ತೊಡೆ ಹರಿದು ತೆರೆದುಕೊಂಡಿತ್ತು. ಅವನ ಹೆಂಡತಿ ಬುತ್ತಿ ತಂದವಳು ಬಾವಿಗೆ ಇಳಿದು, ಸೆರಗು ಹರಿದು ಗಾಯಕ್ಕೆ ತುರುಕಿ, ಎರಡೂ ಅಂಗೈಗಳಿಂದ ಒತ್ತಿ ಹಿಡಿದು ಕುಳಿತಿದ್ದಳು. ನಾನು ಬಂಡಿ ಕಟ್ಟಿಸಿದೆ. ಅಬ್ಬಿಗೇರಿಯವರೆಗೆ ಅವಳು ಕೈ ತೆಗೆಯಲಿಲ್ಲ. ನಾನು ದಾರಿಯುದ್ದಕ್ಕೂ ಮಾಡಿದ್ದು ಒಂದೇ ಕೆಲಸ, ಅವಳಿಗೆ ಸುಳ್ಳು ಕಲಿಸಿದ್ದು.

"ಹಳ್ಳದಾಗ ಬಂಡಿ ಮಗುಚಿತು, ಬಲಗಡಿ ಎತ್ತ ಬೆದರಿತ್ತು, ಗಾಲಿ ತೊಡಿ ಮ್ಯಾಲ ಹಾದ್ಹೋತು. ಇಷ್ಟ ಹೇಳಬೇಕು. ಇನ್ನೊಂದ ಸಲ ಹೇಳು."

"ಬಾವಾರ, ಅಜ್ಜಗರೆ ಖರೇ ಹೇಳೂಣ್ರಿ. ಒಳಗ ಏನ ಹೊಕ್ಕೈತೋ ಏನೋ" ಎಂದಳು ಅವಳು. ಮದುವೆಯಾಗಿ ಬಂದಂದಿನಿಂದ ನನ್ನೆದುರು ಅವಳು ಆಡಿದ ಅತಿ ಉದ್ದದ ಮಾತು ಅದೇ.

"ಅಂವ ಸರಕಾರದ ಮನಷ್ಯಾ. ಗಂಡ ಗಾಯದಿಂದ ಉಳದ, ಜೇಲಿಗೆ ಹೋಗಬೇಕೇನು?" ಎಂದು ಬಾಯಿ ಮುಚ್ಚಿಸಿದೆ.

ಅಜ್ಜ ತಮ್ಮನ ಬಾಯಿ ನೋಡಿದ, ಎದೆಗೆ ಕಿವಿ ಹಚ್ಚಿದ. ಆಮೇಲೆ ಅವಳ ಕೈಗಳ ಮೇಲೆ ತನ್ನ ಕೈ ಇಟ್ಟು, "ಈಗ ಬಿಡು ತಂಗಿ. ಚಲೋ ಹಿಡದಿ. ಇಂವ ಉಳದರ ನಿನ್ನ ಕೈಯಿಂದ" ಎಂದ. ಅವಳ ಬೆರಳುಗಳು ಮರಗಟ್ಟಿ ತಾವಾಗಿ ಬಿಚ್ಚಿಕೊಳ್ಳಲಿಲ್ಲ. ಅವನೇ ಒಂದೊಂದಾಗಿ ಬಿಡಿಸಿದ. ಬಟ್ಟೆ ಒತ್ತಿ, ಪಟ್ಟಿ ಸುತ್ತಿ, ರಕ್ತ ಹಿಡಿತಕ್ಕೆ ಬಂದ ಮೇಲೆ ನಮ್ಮಿಬ್ಬರನ್ನೂ ಬೇರೆಬೇರೆಯಾಗಿ ಬೇವಿನ ಕೆಳಗೆ ಕರೆದ. ನಾನು ಹೇಳಿದೆ. ಅವಳೂ ಹೇಳಿದಳು.

ತಿರುಗಿ ಬಂದು ಅಜ್ಜ ನನ್ನ ಮುಖವನ್ನೇ ನೋಡಿದ. "ಪಂಡಿತರ, ಇಬ್ಬರೂ ಒಂದಕ್ಷರ ಆಕಡಿ ಈಕಡಿ ಆಗಧಾಂಗ ಹೇಳಿದ್ರಿ. ಕಣ್ಣಿಲೆ ನೋಡಿದವರು ಹಿಂಗ ಹೇಳೂದಿಲ್ರಿ. ಒಬ್ಬರು ಎತ್ತು ನೋಡಿರ್ತಾರ, ಒಬ್ಬರು ಗಾಲಿ ನೋಡಿರ್ತಾರ. ಯಾರಂತ ನಾ ಕೇಳೂದಿಲ್ಲ. ಒಳಗ ಏನ ಹೊಕ್ಕೈತಿ ಅದನ್ನಷ್ಟ ಹೇಳ್ರಿ."

ಅವಳು ನನ್ನ ಕಡೆ ನೋಡಿದಳು. ನಾನು "ಬಂಡಿನ ಅಜ್ಜಾ, ಹಳ್ಳದಾಗ" ಎಂದೆ.

"ಆತು. ಗೊತ್ತಿಲ್ಲದ ಗಾಯದ ಬಾಯಿ ನಾ ಮುಚ್ಚೂದಿಲ್ಲ" ಎಂದು ಹೊಲಿಯದೆ ಹಾಗೆಯೇ ತೆರೆದಿಟ್ಟು ಬರಿ ಬಟ್ಟೆ ತುಂಬಿ ಕಟ್ಟಿದ. ನನ್ನ ತಲೆಯಲ್ಲಿ ಆಗ ಎದ್ದ ಅನುಮಾನವೇನು ಗೊತ್ತೇ? ಸರಕಾರದವರು ಬಂದರೆ ತೋರಿಸಲೆಂದೇ ಗಾಯವನ್ನು ತೆರೆದಿಟ್ಟಿದ್ದಾನೆ ಎಂದು.

ನಾವು ಮೂವರೂ ಅವನ ಮನೆಯಲ್ಲೇ ಉಳಿದೆವು. ಮರುದಿನ ಕಟ್ಟು ಬಿಚ್ಚಿ, ಬಿಸಿನೀರಿನಲ್ಲಿ ತೊಳೆಯುತ್ತ, ಗಾಯದ ಆಳದಿಂದ ಬೆರಳುಗಾತ್ರದ ಕಲ್ಲಿನ ಚೂರೊಂದನ್ನೂ ಸುಟ್ಟು ಕರಿಯಾದ ಧೋತರದ ತುಣುಕನ್ನೂ ಹೊರಗೆ ತೆಗೆದ. ತೊಡೆಯೊಳಗಿನ ದೊಡ್ಡ ರಕ್ತನಾಳಕ್ಕೆ ಕಲ್ಲು ತಾಗಿತ್ತಂತೆ. ಚೂರನ್ನು ಎಲೆಯ ಮೇಲಿಟ್ಟು ನನ್ನ ಮುಂದೆ ಸರಿಸಿದ.

"ಬಂಡಿ ಗಾಲಿಗೆ ಬೆಂಕಿ ಇರತೈತೇನ್ರಿ?"

ಅವನು ಎದ್ದು ಅರಿವೆಯ ತುಣುಕನ್ನು ಒಲೆಗೆ ಹಾಕಿದ, ಕಲ್ಲನ್ನು ಹಿತ್ತಿಲಿನ ಕಲ್ಲುಗಳೊಳಗೆ ಎಸೆದ. ಗುರುತು ಅಳಿಸಿ ನಮ್ಮನ್ನು ಕಾಯ್ದ ಎಂದು ಯಾರಿಗಾದರೂ ತಿಳಿಯಬೇಕಿತ್ತು. ನನಗೆ ತಿಳಿದದ್ದು ಬೇರೆ: ನಮ್ಮ ಜುಟ್ಟು ತನ್ನ ಕೈಯಲ್ಲಿದೆಯೆಂದು ತೋರಿಸಿದ.

"ರಕ್ತನಾಳದ ಬಾಯಿಗೆ ಈಗ ರಕ್ತ ಹೆಪ್ಪುಗಟ್ಟಿ ಕುಂತೈತಿ. ಹಸಿ ಮಣ್ಣಿನ ಒಡ್ಡ ಇದ್ಧಾಂಗ. ಹತ್ತ ದಿನ ಇಂವನ್ನ ಇಲ್ಲಿಂದ ಅಲಗಾಡಸಬ್ಯಾಡ್ರಿ" ಎಂದ.

ಮೂರನೆಯ ದಿನ ಸರಕಾರಿ ಕಚೇರಿಯ ಜಮಾದಾರ ಬಂದ. ರೋಣದಲ್ಲಿ ಯಾರೋ ಮದ್ದಿನ ಸದ್ದು ಕೇಳಿದವರು ಹೋಗಿ ಹೇಳಿದ್ದರು. ಅವನನ್ನು ಕಂಡೊಡನೆ ಅಜ್ಜ "ಬರ್ರಿ, ಭುಜ ಹ್ಯಾಂಗೈತಿ?" ಎಂದು ಕಂಬಳಿ ಹಾಸಿದ. ಹಳೆಯ ಪರಿಚಯ. ಜಮಾದಾರ ನನ್ನನ್ನು ಕೇಳಿದ. ನಾನು ಗಿಣಿಪಾಠ ಒಪ್ಪಿಸಿದೆ. ಆಮೇಲೆ ಅಜ್ಜನನ್ನು ಕೇಳಿದ.

"ಬಂಡಿ ಮಗುಚೇತಿ ಸಾಹೇಬರ. ಪಂಡಿತರು ಬಲಗಡಿ ಎತ್ತ ಬೆದರಿತು ಅಂತಾರ, ಆ ಹೆಣಮಗಳು ಎಡಗಡಿದು ಅಂತಾಳ. ಗಾಬರಿಯಾಗ ಯಾರಿಗಿ ನೆಪ್ಪಿರತೈತ್ರಿ? ಗಾಯ ಬಂಡೀದು. ಅದನ್ನ ನಾ ಹೇಳತೀನಿ" ಎಂದ, ಕಣ್ಣು ಮಿಟುಕಿಸದೆ.

ಜಮಾದಾರ ನಕ್ಕ. ನನ್ನ ಗಿಣಿಪಾಠವನ್ನು ನಂಬದವನು ಆ ಎಡಗಡೆಯ ಎತ್ತನ್ನು ನಂಬಿದ. ಅಜ್ಜ ನಮಗಾಗಿ ಸುಳ್ಳು ಹೇಳಿದ್ದ, ನನಗಿಂತ ಹತ್ತು ಪಾಲು ಚೆನ್ನಾಗಿ. ಆಮೇಲೆ ಇಬ್ಬರೂ ಎದ್ದು ಬೇವಿನ ಮರದವರೆಗೆ ಹೋಗಿ ತಗ್ಗಿದ ದನಿಯಲ್ಲಿ ಬಹಳ ಹೊತ್ತು ಮಾತಾಡಿದರು. ಅಜ್ಜ ಎದೆ ಮುಟ್ಟಿಕೊಂಡು ಏನನ್ನೋ ಹೇಳಿದ. ಜಮಾದಾರ ಅವನ ಹೆಗಲ ಮೇಲೆ ಕೈಯಿಟ್ಟು ಕುದುರೆ ಹತ್ತಿದ. ನನಗೆ ಒಂದು ಮಾತೂ ಕೇಳಿಸಲಿಲ್ಲ. ಕೇಳಿಸಲಿಲ್ಲವೆಂದೇ ಎಲ್ಲವನ್ನೂ ನಾನೇ ತುಂಬಿಕೊಂಡೆ. ಇಷ್ಟು ಸಲೀಸಾಗಿ ನಮ್ಮ ಪರವಾಗಿ ಸುಳ್ಳು ಹೇಳುವವನು ನಮ್ಮನ್ನು ಮಾರಲು ಎಷ್ಟು ಹೊತ್ತು?

ಮರುದಿನ ಮಧ್ಯಾಹ್ನ ಯಾರನ್ನೋ ಎತ್ತು ತಿವಿಯಿತೆಂದು ಅಜ್ಜನನ್ನು ಪಕ್ಕದ ಊರಿಗೆ ಕರೆದೊಯ್ದರು. ನಾನು ಬಂಡಿ ಹೂಡಿಸಿದೆ.

"ಬ್ಯಾಡ್ರಿ ಬಾವಾರ, ಕೈ ಮುಗೀತೀನಿ. ಹತ್ತ ದಿನ ಅಂದಾನ ಅಜ್ಜ, ಇನ್ನ ನಾಕೂ ಆಗಿಲ್ಲ" ಎಂದು ಅವಳು ಬಂಡಿಯ ನೊಗಕ್ಕೆ ಅಡ್ಡ ನಿಂತಳು. ತಮ್ಮನಿಗೆ ಎಚ್ಚರವಿತ್ತು. "ಅಣ್ಣ ಹ್ಯಾಂಗಂತಾನ ಹಾಂಗ" ಎಂದ. ಅವನು ಹುಟ್ಟಿದಾಗಿನಿಂದ ಹಾಗೆಯೇ, ನಾನು ಹೇಳಿದ್ದು ಅವನಿಗೆ ವೇದ. ಹುಲ್ಲು ಹಾಸಿ, ಮೇಲೆ ಎರಡು ಕೌದಿ ಹಾಕಿ ಮಲಗಿಸಿದೆವು. ಮೆಲ್ಲಗೆ ಹೊಡೆ ಎಂದು ಬಂಡಿಯವನಿಗೆ ನೂರು ಸಲ ಹೇಳಿದೆ. ಮೊದಲು ರೋಣದ ಮನೆಗೆ ಮುಟ್ಟಿಸಿ, ಕತ್ತಲಾದ ಮೇಲೆ ಗಜೇಂದ್ರಗಡದ ಆಚೆ ಯಾವುದಾದರೂ ನೆಂಟರ ಊರಿಗೆ ಸಾಗಿಸುವುದು ಹೇಗೆಂದು ಯೋಚಿಸುತ್ತ ಬಂಡಿಯ ಮುಂದೆ ನಡೆಯುತ್ತಿದ್ದೆ. ಹಳ್ಳ ಇಳಿದು ಏರುವಲ್ಲಿ ಬಂಡಿ ಒಮ್ಮೆ ಜೋಲಿ ಹೊಡೆಯಿತು, ಅಷ್ಟೇ.

ಅವಳು ಕೂಗಿದಾಗ ಹಿಂತಿರುಗಿ ನೋಡಿದೆ. ಅವಳ ಕೈಗಳು ಮತ್ತೆ ಅವನ ತೊಡೆಯ ಮೇಲಿದ್ದವು, ಕಟ್ಟಿನ ಮೇಲಿಂದಲೇ ಮೈಭಾರವೆಲ್ಲ ಹಾಕಿ ಒತ್ತುತ್ತಿದ್ದಳು. ಈ ಸಲ ನಿಲ್ಲಲಿಲ್ಲ. ತಮ್ಮ ಅಳಲಿಲ್ಲ, ಒದರಲಿಲ್ಲ. ರೋಣದ ಅಗಸಿ ಬಾಗಿಲು ಕಾಣುವ ಹೊತ್ತಿಗೆ ಹೋಗಿಬಿಟ್ಟಿದ್ದ.

ಮರುದಿನ ಬೆಳಿಗ್ಗೆ, ಹೆಣ ಇನ್ನೂ ಪಡಸಾಲೆಯಲ್ಲಿದ್ದಾಗ, ಅಜ್ಜ ಅಬ್ಬಿಗೇರಿಯಿಂದ ನಡೆದುಕೊಂಡು ಬಂದ. ನನ್ನನ್ನು ಹಿತ್ತಿಲಿಗೆ ಕರೆದ. ಬೈಯುತ್ತಾನೆ ಎಂದುಕೊಂಡೆ.

"ಎಲ್ಲಿ ಒಡೀತ್ರಿ?" ಎಂದು ಕೇಳಿದ.

"ಹಳ್ಳದಾಗ" ಎಂದೆ. ಅವನಿಗೆ ನಾನು ಹೇಳಿದ ಮೊದಲ ನಿಜ ಅದು.

ಆಮೇಲೆ ಅವನು ಹೇಳಿದ: "ಜಮಾದಾರಗ ನಾ ಜಾಮೀನ ನಿಂತಿದ್ನಿ. ಸದ್ದಿನ ವಿಚಾರಣಿ ಏನಿದ್ರೂ ಆಮ್ಯಾಲ, ಹತ್ತ ದಿನ ಈ ಮನಷ್ಯಾನ್ನ ಯಾರೂ ಮುಟ್ಟಬಾರದು, ಏನರೆ ಹೆಚ್ಚುಕಮ್ಮಿ ಆದ್ರ ನನ್ನ ಹಿಡೀರಿ ಅಂದಿದ್ನಿ. ಹೂಂ ಅಂದಿದ್ದ. ನಿಮಗ ಒಂದ ಮಾತ ಹೇಳಬೇಕಾಗಿತ್ತು. ನೀವು ನನ್ನ ಜೋಡಿ ಮಾತಾಡತಿದ್ದಿಲ್ಲ, ನಾನೂ ಬಿಟ್ನಿ."

ಅಷ್ಟರಲ್ಲಿ ಓಣಿಯ ಹಿರಿಯರು ನಮ್ಮ ಸುತ್ತ ಬಂದು ನಿಂತರು. ಅವರಲ್ಲಿ ಒಬ್ಬರು ಕೇಳಿದರು, "ಅಲ್ರಿ ಪಂಡಿತರ, ನಾಕ ದಿನ ಔಷಧ ಮಾಡಿಸಿಕೊಂಡ ಬಂದ ಹುಡುಗ, ಒಮ್ಮೆಲೆ ಹ್ಯಾಂಗ ಹೋದ?"

ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಒಳಗೆ ಬಾಗಿಲ ಸಂದಿಯಲ್ಲಿ ತಮ್ಮನ ಹೆಂಡತಿ ನಿಂತಿದ್ದಳು. ನಿಜ ಹೇಳಿದರೆ ಗಾಯ ಮಾಗುವ ಮೊದಲೇ ಏಕೆ ತಂದೆ ಎನ್ನುತ್ತಾರೆ. ಏಕೆ ತಂದೆ ಎಂದರೆ ಮದ್ದಿನ ಗಡಿಗೆಯವರೆಗೆ ಹೋಗುತ್ತದೆ. ಇದೆಲ್ಲ ಆಮೇಲೆ ನಾನು ಜೋಡಿಸಿಕೊಂಡ ನೆಪ. ಆಗ ಇದ್ದದ್ದು ಬರಿ ಹೆದರಿಕೆ, ತಮ್ಮನನ್ನು ಕೊಂದವನು ಇವನೇ ಎಂದು ಅನ್ನಿಸಿಕೊಳ್ಳುವ ಹೆದರಿಕೆ.

"ಇವರು ಕಟ್ಟಿದ ಕಟ್ಟು ದಾರ್ಯಾಗ ಸಡಲಾತು" ಎಂದೆ.

ಅಜ್ಜ ನನ್ನನ್ನು ನೋಡಿದ. ಆಮೇಲೆ ಬಾಗಿಲ ಸಂದಿಯ ಕಡೆ ನೋಡಿದ. ಅವಳು ಬಾಯಿ ತೆರೆಯುವಷ್ಟರಲ್ಲಿ ಕೈಯೆತ್ತಿ ಬೇಡವೆಂದ.

"ಹೌದ್ರಿ. ಕಟ್ಟು ಸಡಲಾಗಿತ್ತು. ನಂದ ತಪ್ಪು" ಎಂದು ಹೆಗಲ ಮೇಲಿನ ಕಂಬಳಿ ಸರಿಪಡಿಸಿಕೊಂಡು ಬಂದ ದಾರಿಯಲ್ಲೇ ಹೋದ. ಯಾರೋ ಹಿಂದಿನಿಂದ ಉಗುಳಿದರು.

ಅಂದಿನಿಂದ ರೋಣದವರು ಅವನ ಬಾಗಿಲಿಗೆ ಗಾಯಾಳುಗಳನ್ನು ಒಯ್ಯಲಿಲ್ಲ. ಆಮೇಲೆ ಸುತ್ತಲಿನ ಊರುಗಳವರೂ ಬಿಟ್ಟರೆಂದು ಕೇಳಿದೆ. ತಮ್ಮನ ಹೆಂಡತಿ ನಮ್ಮ ಮನೆಯಲ್ಲೇ ಇದ್ದಾಳೆ. ನನ್ನೊಡನೆ ಮಾತಾಡುವುದಿಲ್ಲ. ಮೊನ್ನೆ ಗಾಣಿಗ ಹೇಳಿದ್ದು ಅವಳಿಗೂ ಕೇಳಿಸಿರಬೇಕು, ಅಂದು ಅವಳು ಒಲೆ ಹಚ್ಚಲಿಲ್ಲ.

ತಮ್ಮ ಸತ್ತ ಮರುದಿನ, ಅಜ್ಜ ನಮ್ಮ ಹಿತ್ತಿಲಿನಿಂದ ಹೊರಟುಹೋದ ಮೇಲೆ, ಮಣ್ಣಿಗೆ ಒಯ್ಯುವ ಮುಂಚೆ ಮೈ ತೊಳೆಸಬೇಕಾಗಿತ್ತು. ತಮ್ಮನ ತೊಡೆಯ ಕಟ್ಟನ್ನು ನಾನೇ ಬಿಚ್ಚಲು ಕುಳಿತೆ. ರಕ್ತ ಒಣಗಿ ಕರಿಯಾಗಿತ್ತು. ಒಂದು ಸುತ್ತೂ ಜಾರಿರಲಿಲ್ಲ, ಗಂಟು ಕಟ್ಟಿದಲ್ಲೇ ಕುಳಿತಿತ್ತು. ಉಗುರಿನಿಂದ ಬಿಚ್ಚಲಾಗದೆ ಕೊನೆಗೆ ಕುಡುಗೋಲಿನಿಂದ ಕೊಯ್ದೆ.